ಸೇಫ್ಟಿ, ಸೆಕ್ಯುರಿಟಿ: ಜೋಡಿ ಪದಗಳನ್ನು ನಾನು ಬಿಡಿಸಿದ್ದು ಹೀಗೆ

ಜೋಡಿ ಪದಗಳ ಕೆಲಸ, ಅಂದರೆ ಹೆಚ್ಚುಕಡಿಮೆ ಒಂದೇ ಅರ್ಥ ಕೊಡುವ ಎರಡು ಇಂಗ್ಲಿಷ್ ಪದಗಳ ವ್ಯತ್ಯಾಸ ಬಿಡಿಸಿ ಹೇಳುವ ಕೆಲಸ, ಮಾಡಿದವರಿಗೆ ಗೊತ್ತಿರುವುದೇ, ಕಾಡುವುದು ಅಪರೂಪದ ಪದಗಳಲ್ಲ. ದಿನಾ ಬಾಯಲ್ಲಿ ಓಡಾಡುವ ಪದಗಳು. ಸೇಫ್ಟಿ ಮತ್ತು ಸೆಕ್ಯುರಿಟಿ, ಎನ್ವಿ ಮತ್ತು ಜೆಲಸಿ, ಶೇಡ್ ಮತ್ತು ಶ್ಯಾಡೋ. ಕೇಳಿದರೆ ಎಲ್ಲರೂ ‘ಗೊತ್ತಲ್ಲ’ ಅನ್ನುತ್ತಾರೆ. ಸರಿ, ವ್ಯತ್ಯಾಸ ಬರೆದುಕೊಡಿ ಅಂದರೆ ಪೆನ್ನು ಅಲ್ಲೇ ನಿಲ್ಲುತ್ತದೆ.

ಒಂದು ಪದಕೋಶಕ್ಕೆ ಇಂಥ ಸುಮಾರು ಇನ್ನೂರು ಜೋಡಿಗಳನ್ನು ಬಿಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಡಿಕ್ಷನರಿ ಮುಚ್ಚಿಟ್ಟು, ಖಾಲಿ ಜಾಗ ತುಂಬಿಸಿ ಮಾಡುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ‘ಇದೇನು ಶಾಲೆ ಮಕ್ಕಳ ಪರೀಕ್ಷೆನಾ’ ಅಂತ ಅನುಭವಿ ಸಂಪಾದಕರೊಬ್ಬರು ಕೇಳಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ವಿಚಾರಿಸುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಕಾರ್ಪಸ್ (ಜನ ನಿಜವಾಗಿ ಬರೆದ, ಆಡಿದ ಮಾತುಗಳ ದೊಡ್ಡ ಸಂಗ್ರಹ) ತೆರೆಯುವುದು, ಪದ ಬಳಕೆಯಾದ ಸಾಲು ಇಳಿಸಿಕೊಳ್ಳುವುದು, ಸ್ಪ್ರೆಡ್‌ಶೀಟ್‌ನಲ್ಲಿ ವಿಂಗಡಿಸುವುದು ನಿಮಗೆ ಬರುತ್ತದೆ ಅಂತಲೇ ಅಂದುಕೊಳ್ಳುತ್ತೇನೆ.

ಮೊದಲು ಕೈಕೊಟ್ಟ ದಾರಿಗಳು.

ಡಿಕ್ಷನರಿ ದಾರಿಯನ್ನು ಎಲ್ಲರೂ ಹಿಡಿಯುತ್ತಾರೆ, ನಾನೂ ಹಿಡಿದೆ. ಸೇಫ್ ಅಂದರೇನು ಅಂತ ನೋಡಿದರೆ ಅಪಾಯ ಇಲ್ಲದ್ದು. ಸೆಕ್ಯೂರ್ ಅಂದರೇನು ಅಂತ ನೋಡಿದರೆ ಸೇಫ್ ಆಗಿರುವುದು. ಹೋದ ದಾರಿಯಲ್ಲೇ ವಾಪಸ್ ಬಂದ ಹಾಗಾಯಿತು. ಇಂಗ್ಲಿಷ್-ಕನ್ನಡ ನಿಘಂಟು ತೆಗೆದರೆ ಎರಡಕ್ಕೂ ರಕ್ಷಣೆ, ಭದ್ರತೆ, ಸುರಕ್ಷತೆ ಅಂತ ಅದೇ ಮೂರು ಪದ, ಕ್ರಮ ಮಾತ್ರ ಬೇರೆ. ನಿಘಂಟಿನದು ತಪ್ಪಲ್ಲ ಬಿಡಿ. ಅದರ ಕೆಲಸ ಒಂದು ಪದದ ಅರ್ಥ ಹೇಳುವುದು. ಎರಡನ್ನು ಎದುರುಬದುರು ಕೂರಿಸುವ ಕೆಲಸವನ್ನು ಅದಕ್ಕೆ ಯಾರೂ ಒಪ್ಪಿಸಿಲ್ಲ.

ಆಮೇಲೆ ಪದಗಳ ಮೂಲ ಹುಡುಕಲು ಹೋದೆ. ಇದರಲ್ಲಿ ಖುಷಿ ಜಾಸ್ತಿ, ಫಲ ಕಡಿಮೆ. ಸೆಕ್ಯೂರ್ ಬಂದಿದ್ದು ಲ್ಯಾಟಿನ್‌ನ ‘ಸೆ ಕೂರಾ’ದಿಂದ, ಅಂದರೆ ಚಿಂತೆ ಇಲ್ಲದೆ. ಸೇಫ್ ಬಂದಿದ್ದು ‘ಸಾಲ್ವಸ್’ನಿಂದ, ಅಂದರೆ ಏನೂ ಪೆಟ್ಟಾಗದೆ ಉಳಿದದ್ದು. ಆಹಾ, ಸಿಕ್ಕಿತು ಅಂದುಕೊಂಡೆ. ಮುಂದೆ ಓದಿದರೆ ಷೇಕ್ಸ್‌ಪಿಯರ್ ಕಾಲದಲ್ಲಿ ಸೆಕ್ಯುರಿಟಿ ಅಂದರೆ ಮೈಮರೆವು, ಅಜಾಗರೂಕತೆ ಎಂಬ ಅರ್ಥವೂ ಇತ್ತಂತೆ. ಕಾವಲು ಅನ್ನುವ ಇವತ್ತಿನ ಅರ್ಥಕ್ಕೆ ಪೂರ್ತಿ ಉಲ್ಟಾ. ಹುಟ್ಟಿದ ಊರು ಗೊತ್ತಾದ ಮಾತ್ರಕ್ಕೆ ಮನುಷ್ಯ ಈಗ ಎಲ್ಲಿ ಕೆಲಸ ಮಾಡುತ್ತಾನೆ ಅಂತ ಗೊತ್ತಾಗುವುದಿಲ್ಲವಲ್ಲ, ಹಾಗೆ. ಮೂಲ ಹುಡುಕುತ್ತ ಒಂದು ವಾರದ ಹತ್ತಿರ ಹೋಯಿತು. ಅದಕ್ಕೆ ಯಾರೂ ದುಡ್ಡು ಕೊಡಲಿಲ್ಲ.

ಸರ್ಚ್ ಎಂಜಿನ್‌ನಲ್ಲಿ ಎಷ್ಟು ಫಲಿತಾಂಶ ಬರುತ್ತದೆ ಅಂತ ಎಣಿಸುವುದು ಇನ್ನೊಂದು ಚಟ. ಬೆಳಿಗ್ಗೆ ಒಂದು ಸಂಖ್ಯೆ, ಸಂಜೆ ಇನ್ನೊಂದು. ಅದನ್ನು ನೆಚ್ಚಿಕೊಂಡು ಬರೆದವರ ಟಿಪ್ಪಣಿಗಳನ್ನು ನೋಡಿದ್ದೇನೆ, ಪಾಪ ಅನಿಸುತ್ತದೆ.

ಇನ್ನು ಎಲ್ಲರ ಬಾಯಲ್ಲೂ ಇರುವ ಸೂತ್ರ: ಸೇಫ್ಟಿ ಅಂದರೆ ಅಪಘಾತದಿಂದ ರಕ್ಷಣೆ, ಸೆಕ್ಯುರಿಟಿ ಅಂದರೆ ಬೇಕಂತಲೇ ಕೇಡು ಮಾಡುವವರಿಂದ ರಕ್ಷಣೆ. ಎಂಜಿನಿಯರುಗಳಿಗೆ ಇದು ವೇದವಾಕ್ಯ, ಅವರ ಕ್ಷೇತ್ರದಲ್ಲಿ ಸರಿಯೂ ಹೌದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇವೆರಡಕ್ಕೂ ಬೇರೆಬೇರೆ ಅನುಬಂಧಗಳನ್ನೇ ಇಟ್ಟುಕೊಂಡಿದೆ. 17ನೆಯದು ಸೆಕ್ಯುರಿಟಿಗೆ, 1974ರಲ್ಲಿ ಬಂದದ್ದು, ವಿಮಾನ ಅಪಹರಣಗಳ ಕಾಲ ಅದು. 19ನೆಯದು ಸೇಫ್ಟಿ ನಿರ್ವಹಣೆಗೆ, 2013ರಲ್ಲಿ ಜಾರಿಗೆ ಬಂತು. ಇಷ್ಟು ಚೊಕ್ಕವಾಗಿದೆ ಅಂದಮೇಲೆ ಸೂತ್ರವನ್ನೇ ಬರೆದು ಮುಗಿಸಬಹುದಿತ್ತು. ಮೊದಲ ಕಂತಿನಲ್ಲಿ ಹಾಗೇ ಕಳಿಸಿದೆ. ಕ್ಲೈಂಟ್ ಕಡೆಯವರು ಒಂದೇ ಪ್ರಶ್ನೆ ಹಾಕಿ ವಾಪಸ್ ಕಳಿಸಿದರು: ಜಾಬ್ ಸೆಕ್ಯುರಿಟಿಯಲ್ಲಿ ಕೇಡು ಮಾಡುವವನು ಯಾರು?

ಒಳ್ಳೆಯ ಪ್ರಶ್ನೆ. ಸೋಶಿಯಲ್ ಸೆಕ್ಯುರಿಟಿಯಲ್ಲಿ ಕಳ್ಳ ಎಲ್ಲಿದ್ದಾನೆ? ಸೆಕ್ಯುರಿಟಿ ಡಿಪಾಸಿಟ್‌ನಲ್ಲಿ? ಈ ಕಡೆ ವಿಮೆನ್ಸ್ ಸೇಫ್ಟಿ ತಗೊಳ್ಳಿ, ಅಲ್ಲಿ ಹೆದರಿಕೆ ಇರುವುದೇ ಬೇಕಂತ ಕೇಡು ಮಾಡುವವರದ್ದು, ಅಪಘಾತದ್ದಲ್ಲ. ಆದರೂ ಪದ ಸೇಫ್ಟಿ. ಕಳ್ಳರ ಭಯಕ್ಕೇ ಮಾಡಿದ ಕಬ್ಬಿಣದ ಪೆಟ್ಟಿಗೆಯ ಹೆಸರೂ ಸೇಫ್. ಸೂತ್ರ ಎರಡೂ ಕಡೆಯಿಂದ ಒಡೆದುಹೋಯಿತು.

ಆ ಕಂತಿನ ಹಣ ತಡೆಹಿಡಿದರು. ಲೆಕ್ಕ ಜೋಡಿಗೆ ಇಷ್ಟು ಅಂತ. ಒಂದು ಜೋಡಿಗೆ ಅವರು ಕೊಡುತ್ತಿದ್ದದ್ದು ಹೆಚ್ಚೆಂದರೆ ಎರಡು ಗಂಟೆಯ ದುಡಿಮೆಗೆ ಸರಿಹೋಗುವಷ್ಟು. ನನಗೆ ಹಿಡಿಯುತ್ತಿದ್ದದ್ದು ಹತ್ತಿರಹತ್ತಿರ ಒಂದು ದಿನ. ಇದರ ಮಧ್ಯೆ ದೊಡ್ಡ ಕಾರ್ಪಸ್ ಒಂದಕ್ಕೆ ವರ್ಷದ ಚಂದಾ ಬೇರೆ ಕಟ್ಟಿದ್ದೆ, ಹತ್ತು ಹನ್ನೆರಡು ಜೋಡಿಗಳ ಸಂಪಾದನೆ ಅದಕ್ಕೇ ಹೋಯಿತು. ಅದೇ ಚಂದಾ ಈಗಲೂ ಹೊಟ್ಟೆ ಉರಿಸುತ್ತದೆ, ಯಾಕೆಂದರೆ ಉಚಿತವಾಗಿ ನೋಡಲು ಸಿಗುವ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ಸೇ ಈ ಕೆಲಸಕ್ಕೆ ಧಾರಾಳ. ಹತ್ತು ಕೋಟಿ ಪದ ಇದೆ ಅದರಲ್ಲಿ. ನಮಗೆ ಬೇಕಾಗಿರುವುದು ಪದಕ್ಕೆ ಅರವತ್ತು ಸಾಲು! ಹೊಸ ಬಳಕೆ ಬೇಕಾದರೆ ಅಮೆರಿಕದ ಇಂಗ್ಲಿಷಿನ ಕಾರ್ಪಸ್ ಕೋಕಾ ಇದೆ, ಅದು ನೂರು ಕೋಟಿ ದಾಟಿದೆ, ಅದನ್ನೂ ಒಂದು ಮಿತಿಯೊಳಗೆ ಸುಮ್ನೆ ನೋಡಬಹುದು.

ಈಗ ನನ್ನ ವಿಧಾನ. ಹೊಸ ತತ್ವ ಏನೂ ಅಲ್ಲ. ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಅಂತ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲೇ ಬರೆದಿದ್ದಾರೆ, ಜಾನ್ ಸಿಂಕ್ಲೇರ್ ತಂಡ 1987ರಲ್ಲಿ ಹೊರತಂದ ಕೋಬಿಲ್ಡ್ ನಿಘಂಟು ಆ ದಾರಿಯಲ್ಲೇ ಆದದ್ದು. ನಾನು ಸೇರಿಸಿದ್ದು ಊಹಿಸುವ ಜನರನ್ನು.

ಎರಡೂ ಪದಕ್ಕೆ ಅರವತ್ತರವತ್ತು ಸಾಲು ಇಳಿಸಿಕೊಳ್ಳುತ್ತೇನೆ. ಮೊದಲ ಪುಟದ್ದಲ್ಲ, ಯಾದೃಚ್ಛಿಕವಾಗಿ ಆರಿಸಿದ್ದು. ಅದರಲ್ಲಿ ಮೂರನೇ ಒಂದು ಭಾಗ ಕಸ: ಸಂಸ್ಥೆಗಳ ಹೆಸರು, ಇಲಾಖೆಗಳ ಹೆಸರು, ‘ಸೇಫ್ಟಿ ಅಂಡ್ ಸೆಕ್ಯುರಿಟಿ’ ಅಂತ ಎರಡನ್ನೂ ಒಟ್ಟಿಗೆ ಕಟ್ಟಿರುವ ಸಾಲು. ಎಲ್ಲ ಎಸೆಯಿರಿ. ಉಳಿದ ಎಂಬತ್ತರಷ್ಟು ಸಾಲುಗಳಲ್ಲಿ ಪದ ಅಳಿಸಿ ಗೆರೆ ಹಾಕಿ, ಎರಡನ್ನೂ ಬೆರೆಸಿ, ಇಬ್ಬರಿಗೆ ಕೊಡುತ್ತೇನೆ. ಈ ಇಬ್ಬರು ಯಾರು ಅನ್ನುವುದು ಮುಖ್ಯ. ದಿನಾ ಇಂಗ್ಲಿಷ್ ಓದುವವರು ಆಗಿರಬೇಕು, ಆದರೆ ನಮ್ಮ ಕಸುಬಿನವರು ಆಗಿರಬಾರದು. ನಮ್ಮವರಿಗೆ ಕೊಟ್ಟರೆ ಯೋಚಿಸುತ್ತಾ ಕೂರುತ್ತಾರೆ, ಯೋಚಿಸಿ ಬರೆದ ಉತ್ತರ ಕೆಲಸಕ್ಕೆ ಬರುವುದಿಲ್ಲ. ಸಾಲಿಗೆ ನಾಲ್ಕೈದು ಸೆಕೆಂಡು ಅಷ್ಟೇ. ಪದ ಬರೆಯಬೇಕು, ಪಕ್ಕದಲ್ಲಿ ‘ಖಂಡಿತ’ ಅಥವಾ ‘ಎರಡೂ ಆಗುತ್ತೆ’ ಅಂತ ಗುರುತು ಹಾಕಬೇಕು.

ಇಬ್ಬರಿಗೂ ದುಡ್ಡು ಕೊಡುತ್ತೇನೆ. ಸ್ನೇಹಕ್ಕೆ ಮಾಡಿಸಿಕೊಂಡರೆ ಎರಡನೇ ವಾರಕ್ಕೆ ಫೋನ್ ಎತ್ತುವುದಿಲ್ಲ. ನನ್ನ ಜೋಡಿ ದರದ ಐದನೇ ಒಂದು ಪಾಲು ಹೀಗೆ ಹೋಗುತ್ತದೆ. ಮೊದಲು ಕರುಳು ಚುರುಕ್ ಅಂದಿತ್ತು, ಆದರೆ ಒಂದು ದಿನದ ಕೆಲಸ ಮೂರು ಗಂಟೆಗೆ ಇಳಿದ ಮೇಲೆ ಲೆಕ್ಕ ನನ್ನ ಕಡೆಗೇ ತಿರುಗಿತು.

ವಾಪಸ್ ಬಂದ ಹಾಳೆಗಳಿಂದ ಮೂರು ಗುಂಪು ಮಾಡಬೇಕು. ಇಬ್ಬರೂ ಖಂಡಿತ ಅಂದು ಸರಿಯಾಗಿ ಬರೆದದ್ದು. ಎರಡೂ ಆಗುತ್ತೆ ಅಂದದ್ದು. ಇಬ್ಬರೂ ಖಂಡಿತ ಅಂದು ತಪ್ಪು ಬರೆದದ್ದು. ಎರಡನೇ ಗುಂಪನ್ನು ಮುಟ್ಟಬೇಡಿ, ಅಲ್ಲಿ ವ್ಯತ್ಯಾಸವೇ ಇಲ್ಲ, ಹುಡುಕಿದರೆ ತಲೆ ಕೆಡುತ್ತದೆ ಅಷ್ಟೇ. ಮೊದಲನೆಯದು ನಿಮ್ಮ ಅನ್ನ. ಮೂರನೆಯದು ಅಪರೂಪ, ಐದಾರು ಸಾಲು ಸಿಕ್ಕರೆ ಹೆಚ್ಚು. ಅದನ್ನು ನಾನು ಹೇಗೆ ಬಳಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹಾಗೆಯೇ ಸಾಲುಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಅನ್ನುವುದನ್ನೂ. ಅದು ನನ್ನ ಹೊಟ್ಟೆಪಾಡು.

ಸೇಫ್ಟಿ-ಸೆಕ್ಯುರಿಟಿಯ ಮೊದಲ ಗುಂಪಿನಲ್ಲಿ ಸಿಕ್ಕಿದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿ. ‘ಎ ಫಾಲ್ಸ್ ಸೆನ್ಸ್ ಆಫ್ ಗೆರೆ’. ಇಬ್ಬರೂ ಕಣ್ಣು ಮುಚ್ಚಿ ಸೆಕ್ಯುರಿಟಿ ಬರೆದಿದ್ದರು. ‘ದಿ ಚಿಲ್ಡ್ರನ್ ವರ್ ಕ್ಯಾರೀಡ್ ಟು ಗೆರೆ’. ಸೇಫ್ಟಿ, ಅನುಮಾನವೇ ಇಲ್ಲ. ಇದನ್ನು ನೋಡಿದ ಮೇಲೆ ಬೇಕಂತಲೇ ಪದದ ಮೊದಲು ‘ಟು’ ಬರುವ ಸಾಲುಗಳನ್ನೆಲ್ಲ ಇಳಿಸಿಕೊಂಡೆ. ಈಜಿ ಸೇಫ್ಟಿ ಸೇರುತ್ತಾರೆ, ಓಡಿ ಸೇಫ್ಟಿ ಸೇರುತ್ತಾರೆ, ಎಳೆದು ಸೇಫ್ಟಿಗೆ ತರುತ್ತಾರೆ. ಅಂದರೆ ಸೇಫ್ಟಿ ಒಂದು ಜಾಗದ ಥರ ಇದೆ, ಅಲ್ಲಿಗೆ ಹೋಗಿ ತಲುಪಬಹುದು. ಸೆಕ್ಯುರಿಟಿಗೆ ಯಾರೂ ಈಜುವುದಿಲ್ಲ. ಸೆಕ್ಯುರಿಟಿಯನ್ನು ಬಿಗಿ ಮಾಡುತ್ತಾರೆ, ಸಡಿಲ ಬಿಡುತ್ತಾರೆ, ಭೇದಿಸುತ್ತಾರೆ, ಒದಗಿಸುತ್ತಾರೆ. ‘ಕಾಲ್ ಸೆಕ್ಯುರಿಟಿ’ ಅಂದರೆ ಸಮವಸ್ತ್ರದವರು ಓಡಿ ಬರುತ್ತಾರೆ. ‘ಕಾಲ್ ಸೇಫ್ಟಿ’ ಅಂತ ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಸಾಲಕ್ಕೆ ಮನೆಯನ್ನು ಸೆಕ್ಯುರಿಟಿಯಾಗಿ ಇಡಬಹುದು, ಸೇಫ್ಟಿಯಾಗಿ ಇಡಲು ಬರುವುದಿಲ್ಲ.

‘ಆಫ್’ ಆದಮೇಲೆ ಏನು ಬರುತ್ತದೆ ಅಂತಲೂ ನೋಡಿದೆ. ಸೇಫ್ಟಿ ಆಫ್ ಅಂದಮೇಲೆ ಪ್ರಯಾಣಿಕರು, ಮಕ್ಕಳು, ಕಾರ್ಮಿಕರು, ರೋಗಿಗಳು. ಹೆಚ್ಚುಕಡಿಮೆ ಉಸಿರಾಡುವ ಜೀವಗಳೇ. ಸೆಕ್ಯುರಿಟಿ ಆಫ್ ಅಂದಮೇಲೆ ಗಡಿ, ಮಾಹಿತಿ, ಪೂರೈಕೆ, ಟೆನ್ಯೂರ್ (ಹುದ್ದೆ ಅಥವಾ ಜಾಗ ಕೈಯಲ್ಲಿ ಉಳಿಯುವ ಹಕ್ಕು). ಕದಲಬಾರದ ವ್ಯವಸ್ಥೆಗಳು. ಇಷ್ಟು ಕೈಗೆ ಬಂದ ಮೇಲೆ ವ್ಯತ್ಯಾಸ ಹೇಳುವ ಸಾಲು ತಾನಾಗಿ ಬಂತು: ಸೇಫ್ಟಿ ಎಂದರೆ ಮೈಗೆ ಪೆಟ್ಟಾಗದ ಸ್ಥಿತಿ, ಸೆಕ್ಯುರಿಟಿ ಎಂದರೆ ಇರುವುದು ಅಲುಗದ ಹಾಗೆ ಹಾಕಿದ ಬಿಗಿ. ಜಾಬ್ ಸೆಕ್ಯುರಿಟಿಗೆ ಈಗ ಶತ್ರು ಬೇಕಿಲ್ಲ. ಕೆಲಸ ಅಲುಗದಿದ್ದರೆ ಸಾಕು. ಜಾಬ್ ಸೇಫ್ಟಿ ಅಂದರೆ ಅದೇ ಕೆಲಸದಲ್ಲಿ ಕೈಬೆರಳು ಉಳಿಯುವುದು.

ನನ್ನ ಸಾಲಿಗೆ ದೊಡ್ಡ ಪರೀಕ್ಷೆ ಅಂದರೆ ಫುಡ್ ಸೇಫ್ಟಿ ಮತ್ತು ಫುಡ್ ಸೆಕ್ಯುರಿಟಿ. ಎರಡೂ ಇವೆ, ಎರಡೂ ಬೇರೆ. ಮೊದಲನೆಯದರಲ್ಲಿ ತಿಂದದ್ದು ಹೊಟ್ಟೆ ಕೆಡಿಸಬಾರದು. ಎರಡನೆಯದರಲ್ಲಿ ಸಾಕಷ್ಟು ಆಹಾರ ಸಿಗುತ್ತಲೇ ಇರಬೇಕು, ನಿಲ್ಲಬಾರದು. 1974ರ ವಿಶ್ವ ಆಹಾರ ಸಮ್ಮೇಳನದ ಹೊತ್ತಿಗೆ ಈ ಎರಡನೇ ಮಾತು ಮುಖ್ಯವಾಗಿ ಧಾನ್ಯದ ದಾಸ್ತಾನು, ಪೂರೈಕೆಯ ಬಗ್ಗೆ ಇತ್ತು. 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯ ವ್ಯಾಖ್ಯೆ ಬರುವ ಹೊತ್ತಿಗೆ ಎಲ್ಲ ಜನರಿಗೂ ಎಲ್ಲ ಕಾಲಕ್ಕೂ ಸಾಕಷ್ಟು, ಸುರಕ್ಷಿತ, ಪೌಷ್ಟಿಕ ಆಹಾರ ಕೈಗೆಟಕಬೇಕು ಅಂತ ವಿಸ್ತಾರವಾಯಿತು. ಮಜಾ ನೋಡಿ, ಆ ವ್ಯಾಖ್ಯೆಯ ಒಳಗೇ ಸೇಫ್ ಅನ್ನುವ ಪದ ಕೂತಿದೆ. ಅಲ್ಲಿ ಸೆಕ್ಯುರಿಟಿಯ ಹೊಟ್ಟೆಯೊಳಗೆ ಸೇಫ್ಟಿ ಒಂದು ಭಾಗ. ಎಂಜಿನಿಯರುಗಳ ಸೂತ್ರ ಹಿಡಿದುಕೊಂಡು ಇದನ್ನು ವಿವರಿಸಿ ನೋಡೋಣ!

ಹಾಗಂತ ಆ ಸೂತ್ರವನ್ನು ಪೂರ್ತಿ ಬಿಸಾಡಲಿಲ್ಲ. ಸೇಫ್ಟಿ ಮೆಷರ್ಸ್, ಸೆಕ್ಯುರಿಟಿ ಮೆಷರ್ಸ್ ಅಂತ ಇನ್ನೊಂದು ನಾಮಪದದ ಮುಂದೆ ಅಂಟಿಕೊಂಡಾಗ ಅದು ಚೆನ್ನಾಗಿ ನಡೆಯುತ್ತದೆ. ಸೇಫ್ಟಿ ಬೆಲ್ಟ್, ಸೇಫ್ಟಿ ವಾಲ್ವ್, ಸೇಫ್ಟಿ ಪಿನ್ ಒಂದು ಕಡೆ. ಸೆಕ್ಯುರಿಟಿ ಗಾರ್ಡ್, ಸೆಕ್ಯುರಿಟಿ ಕ್ಯಾಮೆರಾ ಇನ್ನೊಂದು ಕಡೆ. ಹಾಗಾಗಿ ನನ್ನ ಟಿಪ್ಪಣಿಯಲ್ಲಿ ಎರಡು ಸಾಲು ಕೊಟ್ಟೆ, ಒಂಟಿಯಾಗಿ ನಿಂತಾಗ ಒಂದು, ಅಂಟಿಕೊಂಡಾಗ ಇನ್ನೊಂದು. ಆಮೇಲೆ ಹಿಂದಿನ ಯಾವ ಹಾಳೆಯನ್ನೂ ನೋಡದ ಮೂರನೆಯವರಿಗೆ ಹೊಸ ಇಪ್ಪತ್ತು ಸಾಲು, ಜೊತೆಗೆ ನನ್ನ ಟಿಪ್ಪಣಿ ಮಾತ್ರ. ಹದಿನೇಳೋ ಹದಿನೆಂಟೋ ಸರಿ ಬಂತು. ತಪ್ಪಿದ ಒಂದು ಸಾಲು ಚೆನ್ನಾಗಿ ನೆನಪಿದೆ: ಮಗು ತಾಯಿಯ ತೋಳಲ್ಲಿ ‘ಸೆಕ್ಯೂರ್’ ಅನಿಸಿಕೊಂಡದ್ದು. ಸೇಫ್ ಬರೆದಿದ್ದರು. ಅಲ್ಲಿ ಎರಡೂ ಆಗುತ್ತದೆ ಅಂತ ನಾನು ಇವತ್ತಿಗೂ ವಾದ ಮಾಡುತ್ತೇನೆ.

ತಡೆಹಿಡಿದ ಹಣ ಬಂತು. ಅದಕ್ಕಿಂತ ಹೆಚ್ಚಾಗಿ, ಮುಂದಿನ ಕಂತಿಗೆ ದರ ಕಾಲು ಭಾಗ ಏರಿಸಿದರು. ನಾನು ಕೇಳಿರಲಿಲ್ಲ. ಇಷ್ಟು ಹೇಳಿಕೊಳ್ಳಲು ಅಡ್ಡಿ ಇಲ್ಲ, ಅಲ್ವಾ?

ಅಡ್ಡದಾರಿ ಹಿಡಿದದ್ದೂ ಉಂಟು. ಈ ಜೋಡಿ ಬೇರೆ ಭಾಷೆಗಳಲ್ಲಿ ಹೇಗಿದೆ ಅಂತ ನೋಡಲು ಹೋದೆ. ಜರ್ಮನ್‌ನಲ್ಲಿ ಎರಡಕ್ಕೂ ಜಿಖರ್‌ಹೈಟ್ ಒಂದೇ, ಕಥೆ ಮುಗೀತು. ಫ್ರೆಂಚ್‌ನಲ್ಲಿ ಸೆಕ್ಯುರಿತೆ, ಸ್ಯುರ್ತೆ ಅಂತ ಎರಡಿವೆ. ವಿಮಾನಯಾನದವರಿಗೆ ಸೇಫ್ಟಿ ಅಂದರೆ ಸೆಕ್ಯುರಿತೆ, ಸೆಕ್ಯುರಿಟಿ ಅಂದರೆ ಸ್ಯುರ್ತೆ. ಅಣು ವಿದ್ಯುತ್ ಸ್ಥಾವರದವರಿಗೆ ಸೇಫ್ಟಿ ಅಂದರೆ ಸ್ಯುರ್ತೆ! ಒಂದೇ ಭಾಷೆ, ಎರಡು ಕಸುಬು, ಪದಗಳು ಅದಲುಬದಲು. ಇದನ್ನು ಓದಿದ ದಿನ ಕಂಪ್ಯೂಟರ್ ಮುಚ್ಚಿ ಎದ್ದುಹೋದೆ. ಆದರೆ ಒಂದು ಲಾಭ ಆಯಿತು, ಸಾಲು ಇಳಿಸುವಾಗ ಯಾವ ಕಸುಬಿನ ಬರಹ ಅಂತ ಒಂದು ಕಾಲಂ ಹಾಕುವ ಅಭ್ಯಾಸ ಆವತ್ತೇ ಶುರು.

ಯಂತ್ರದಿಂದ ಮಾಡಿಸಿಯೂ ನೋಡಿದೆ. 2013ರಲ್ಲಿ ಗೂಗಲ್‌ನಲ್ಲಿದ್ದ ತೊಮಾಸ್ ಮಿಕೊಲೊವ್ ಮತ್ತು ಜೊತೆಯವರು ತಂದ ವರ್ಡ್‌ಟುವೆಕ್ ಗೊತ್ತಲ್ಲ, ಪದಗಳನ್ನು ಸಂಖ್ಯೆಗಳ ಸಾಲಾಗಿಸಿ ಯಾವುದು ಯಾವುದಕ್ಕೆ ಹತ್ತಿರ ಅಂತ ಹೇಳುತ್ತದೆ. ಹತ್ತಿರ ಅಂತ ಹೇಳುತ್ತದೆ, ಸರಿ. ಆದರೆ ಹಾಟ್ ಮತ್ತು ಕೋಲ್ಡ್ ಕೂಡ ಹತ್ತಿರವೇ ಅನ್ನುತ್ತದೆ, ಯಾಕೆಂದರೆ ಇಬ್ಬರ ನೆರೆಹೊರೆ ಒಂದೇ. ನಮಗೆ ಬೇಕಾಗಿದ್ದು ಎಲ್ಲಿ ದೂರ ಅನ್ನುವುದು. ಈಗಿನ ದೊಡ್ಡ ಭಾಷಾ ಮಾಡೆಲ್‌ಗಳಿಗೂ ಖಾಲಿ ಜಾಗದ ಹಾಳೆ ಕೊಟ್ಟೆ. ಚೆನ್ನಾಗಿ ತುಂಬಿಸುತ್ತವೆ, ಆದರೆ ‘ಎರಡೂ ಆಗುತ್ತೆ’ ಅನ್ನುವ ಗುರುತು ಹಾಕುವಾಗ ನನಗೆ ನಂಬಿಕೆ ಬರಲಿಲ್ಲ, ಅದೇ ಹಾಳೆ ಮತ್ತೆ ಕೊಟ್ಟರೆ ಗುರುತುಗಳು ಜಾಗ ಬದಲಿಸಿದವು. ಮನುಷ್ಯರೇ ವಾಸಿ.

ಬೇರೆ ಜೋಡಿಗಳಲ್ಲಿ ಎನ್ವಿ-ಜೆಲಸಿ ನನಗೆ ಅತಿ ಇಷ್ಟದ್ದು. ಪುಸ್ತಕದ ಉತ್ತರ ಎಲ್ಲರಿಗೂ ಗೊತ್ತು: ಎನ್ವಿಯಲ್ಲಿ ಇಬ್ಬರು, ಅವನ ಹತ್ತಿರ ಇರುವುದು ನನಗೆ ಬೇಕು. ಜೆಲಸಿಯಲ್ಲಿ ಮೂವರು, ನನ್ನದನ್ನು ಅವನು ಕಸಿದುಕೊಳ್ಳುತ್ತಾನೆ. ಆದರೆ ಜನ ಮಾತಾಡುವಾಗ ಎರಡೂ ಕಡೆ ಜೆಲಸ್ ಅನ್ನುತ್ತಾರೆ, ಹಾಳೆಯಲ್ಲಿ ‘ಎರಡೂ ಆಗುತ್ತೆ’ ಗುಂಪು ಉಬ್ಬಿಹೋಯಿತು, ಅರ್ಧಕ್ಕಿಂತ ಜಾಸ್ತಿ. ಹಸಿರು ಬಣ್ಣವೂ ಸಹಾಯಕ್ಕೆ ಬರಲಿಲ್ಲ. ಗ್ರೀನ್ ವಿತ್ ಎನ್ವಿ ಅನ್ನುತ್ತಾರೆ, ಷೇಕ್ಸ್‌ಪಿಯರ್ ಹಸಿರು ಕಣ್ಣು ಕೊಟ್ಟಿದ್ದು ಜೆಲಸಿಗೆ. ಸಹಾಯ ಮಾಡಿದ್ದು ಪದಗಳ ಮಕ್ಕಳು. ಎನ್ವಿಗೆ ಎನ್ವಿಯಬಲ್ ಇದೆ, ಅದು ಹೊಗಳಿಕೆ. ಜೆಲಸಿಗೆ ಅಂಥ ಮಗು ಇಲ್ಲ. ಎನ್ವಿ ಕ್ರಿಯಾಪದವೂ ಆಗುತ್ತದೆ, ‘ಐ ಎನ್ವಿ ಯು’ ಅಂತ ನಗುತ್ತಾ ಹೇಳಬಹುದು. ಜೆಲಸಿಗೆ ಕ್ರಿಯಾಪದ ಇಲ್ಲ. ಬದಲಿಗೆ ‘ಜೆಲಸ್ಲಿ ಗಾರ್ಡೆಡ್’ ಇದೆ, ಗುಟ್ಟನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು. ಅಲ್ಲಿ ಎನ್ವಿಯಸ್ಲಿ ಹಾಕಿದರೆ ಸಾಲೇ ಸತ್ತುಹೋಗುತ್ತದೆ. ಆದ್ದರಿಂದ ಮೂಲ ಪದಗಳು ಬೆರೆತುಹೋದ ಜೋಡಿಯಲ್ಲಿ ಮಕ್ಕಳ ಹಾಳೆ ಮಾಡಿ, ಊಹಿಸಲು ಅದನ್ನೇ ಕೊಡಿ. ಈ ಉಪಾಯ ಬಿಟ್ಟಿ ಕೊಟ್ಟಿದ್ದೇನೆ.

ಶೇಡ್-ಶ್ಯಾಡೋ ಅರ್ಧ ಗಂಟೆಯ ಕೆಲಸ. ಕನ್ನಡದಲ್ಲಿ ಎರಡೂ ನೆರಳೇ. ಆದರೆ ಶೇಡ್‌ನಲ್ಲಿ ಕೂರುತ್ತಾರೆ, ಶ್ಯಾಡೋ ನೆಲದ ಮೇಲೆ ಬೀಳುತ್ತದೆ. ಶ್ಯಾಡೋಗೆ ಆಕಾರ ಇದೆ, ಶೇಡ್‌ಗೆ ತಂಪು ಇದೆ. ಹಾಳೆಯಲ್ಲಿ ಹತ್ತಕ್ಕೆ ಒಂಬತ್ತು ಸರಿ.

ಈ ವಿಧಾನ ಸೋಲುವ ಕಡೆಯೂ ಇದೆ. ಬಿಗ್ ಮತ್ತು ಲಾರ್ಜ್ ಕೊಟ್ಟಾಗ ಸರಿ ಉತ್ತರ ಅರ್ಧಕ್ಕೆ ಸ್ವಲ್ಪ ಮೇಲೆ, ಅಂದರೆ ನಾಣ್ಯ ಹಾರಿಸಿದ ಹಾಗೆ. ಖಂಡಿತ ಅಂತ ಬಂದ ಸಾಲುಗಳೆಲ್ಲ ‘ಎ ಲಾರ್ಜ್ ನಂಬರ್ ಆಫ್’, ‘ಬಿಗ್ ಬ್ರದರ್’, ‘ಬಿಗ್ ಡೀಲ್’ ಥರದ ಅಂಟು ಜೋಡಿಗಳು. ಇಂಥ ಕಡೆ ಅರ್ಥದ ವ್ಯತ್ಯಾಸ ಬರೆಯಲು ಹೋಗಬೇಡಿ, ಜೊತೆಗಾರರ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳಿ. ಕ್ಲೈಂಟ್ ಒಪ್ಪುತ್ತಾರೆ, ಹಾಳೆಯನ್ನೇ ಜೊತೆಗೆ ಲಗತ್ತಿಸಿದರೆ ಬೇಗ ಒಪ್ಪುತ್ತಾರೆ.

ಈಗ ಕೈಯಲ್ಲಿರುವುದು ರಿಸ್ಕ್ ಮತ್ತು ಹಜಾರ್ಡ್. ತಾಂತ್ರಿಕ ಬರಹದಲ್ಲಿ ಗೆರೆ ಕೊರೆದ ಹಾಗಿದೆ: ಒದ್ದೆ ನೆಲ ಹಜಾರ್ಡ್, ಅದರಿಂದ ಯಾರಾದರೂ ಜಾರಿ ಬೀಳುವ ಸಾಧ್ಯತೆ ಮತ್ತು ಬಿದ್ದರೆ ಎಷ್ಟು ಪೆಟ್ಟು ಅನ್ನುವುದು ಸೇರಿ ರಿಸ್ಕ್. ಪತ್ರಿಕೆ, ಕಾದಂಬರಿ ಸಾಲುಗಳಲ್ಲಿ ಎರಡೂ ಕಲಸಿಹೋಗಿವೆ. ಎರಡನ್ನೂ ಒಂದೇ ಹಾಳೆಗೆ ಹಾಕಿದ್ದಕ್ಕೆ ಮೊದಲ ಸುತ್ತು ಪೂರಾ ಹಾಳಾಯಿತು, ಊಹಿಸಿದವರ ದುಡ್ಡು ನನ್ನ ಜೇಬಿಂದಲೇ ಹೋಯಿತು. ಈ ವಾರ ಕಸುಬಿನ ಕಾಲಂ ನೋಡಿಕೊಂಡು ಎರಡು ಬೇರೆ ಹಾಳೆ ಮಾಡಿದ್ದೇನೆ, ತಾಂತ್ರಿಕದ್ದು ಆಗಲೇ ವಾಪಸ್ ಬಂದಿದೆ, ಇನ್ನೊಂದಕ್ಕೆ ಕಾಯುತ್ತಿದ್ದೇನೆ.